ಚಿತ್ರದಾಗ ದೊಡ್ಡಾಕಿ ಆದ ಹುಡುಗಿ

ಬಾಗಲಾ ಒಂಚೂರ ಮುಂದ ಮಾಡ್ರಿ. ಪೂರಾ ಹಾಕಬ್ಯಾಡ್ರಿ, ಗಾಳಿ ಬೇಕು... ಹಾಂ. ಲೈಟ ಹೋಗಿ ಮಗ್ಗ ನಿಂತಾವ, ಅದಕ ಇವತ್ತ ಹೇಳಾಕತ್ತೇನಿ. ನಮ್ಮ ಯಡ್ರಾವದಾಗ ಹಗಲು ರಾತ್ರಿ ಖಟ್-ಖಟ್-ಖಟ್ ಅಂತ ಮಗ್ಗ ಓಡೂವಾಗ ಇಂಥಾ ಮಾತು ಬಾಯಿಗೆ ಬರಂಗಿಲ್ಲ. ಬಂದ್ರೂ ಯಾರಿಗೂ ಕೇಳಸಂಗಿಲ್ಲ.

ಇದು ಅವರಿವರ ಸುದ್ದಿ ಅಲ್ರಿ. ನಮ್ಮ ಕಾಕಾನ ಮಗಳು ರುತುಜಾಂದು. ನೀವು ನೋಡೀರಿ ಅಕಿನ್ನ. ನಮ್ಮ ಹುಡುಗನ ಜಾವಳಕ್ಕ ಬಂದಿದ್ಲಲ್ಲ, ಎತ್ತರಾಕಿ, ಉಗುರಿನ ಸಂದ್ಯಾಗೆಲ್ಲಾ ಬಣ್ಣ ಇದ್ದಾಕಿ... ಅಕಿನ.

ರುತುಜಾ ಕೊಲ್ಲಾಪುರದಾಗ ಚಿತ್ರಕಲಾ ಕಾಲೇಜ ಮುಗಿಸಿದಾಕಿ. ಗುಡ್ಡಾ, ಹೊಳಿ, ದೇವರು ತಗಿಯಾಕಿ ಅಲ್ಲ. ಮಂದೀನ್ನ ತಗೀತಿದ್ಲು. ಅವ್ವ ಮಗಳ ತಲ್ಯಾಗ ಹೇನು ನೋಡಾಕತ್ತಿದ್ದು. ಇಬ್ಬರು ಗೆಳತ್ಯಾರು ಸಿಟ್ಟಾಗಿ ಒಂದ ಹಾಸಿಗ್ಯಾಗ ಬೆನ್ನ ತಿರಿವಿ ಮಲಗಿದ್ದು. ಸಣ್ಣ ಹುಡುಗಿ ಅವ್ವನ ಸೀರಿ ಸುತಗೊಂಡು ಕನ್ನಡಿ ಮುಂದ ನಿಂತದ್ದು. ನೋಡಿದ್ರ ನಮ್ಮ ಮನೀದ ಅನಸ್ತಿತ್ತು. ಅಕಿದ ಮೊದಲನೇ ಪ್ರದರ್ಶನ ಕೊಲ್ಲಾಪುರದಾಗ ಠರಾವ ಆಗಿತ್ತು. ಹುಡುಗ್ಯಾರು ಹೆಂಗ ದೊಡ್ಡಾಕ್ಯಾರಾಗ್ತಾರು ಅನ್ನೋದ ಅದರ ವಿಷಯ. ಅದಕ್ಕಂತ ತಮ್ಮೂರು ದತ್ತವಾಡಕ್ಕ ಬಂದು, ಹೊಲದಾಗಿನ ಮನ್ಯಾಗ ಒಬ್ಬಾಕಿನ ಕುಂತು ಕೆಲಸಾ ಮಾಡಾಕತ್ತಿದ್ಲು. ಊರಾಗಿನ ಮನ್ಯಾಗ ಮಾಡೂಣಂದ್ರ ಎಣ್ಣಿಬಣ್ಣದ ವಾಸನಿಗೆ ಅಕಿ ಅವ್ವಗ, ನಮ್ಮ ಸುಶೀಲಾಬಾಯಿ ಕಾಕೂಗ, ತಲಿ ಹಿಡೀತಿತ್ತು.

ಅವತ್ತ ಬಣ್ಣಾ ತರಾಕ ಕೊಲ್ಲಾಪುರಕ್ಕ ಹೋಗಿದ್ಲು. ತಿರಗಿ ಬಸ್ಸಿಳಿಯೂದ್ರಾಗ ಕತ್ತಲಿ ಆಗಿತ್ತು. ಥಂಡಿ ದಿನಾ. ಹೊಲದ ದಾರಿ ನಿಮಗ ಗೊತ್ತಿಲ್ಲ... ಮೊದಲ ಆಲದ ಗಿಡ, ಅದನ್ನ ದಾಟಿದ್ರ ಹಳೀ ಭಾಂವಿ, ಅಲ್ಲಿಂದ ಮನಿ. ಎರಡೂ ಕಡೆ ಆಳೆತ್ತರ ಕಬ್ಬು. ಗಾಳಿ ಬಿಟ್ರ ಗರಿಗೆ ಗರಿ ಹತ್ತಿ ಸರ್ರ್... ಸರ್ರ್... ಅಂತಿರ್ತೈತಿ.

ಆಲದ ಗಿಡ ದಾಟಿದ್ಲು. ಭಾಂವಿ ಹಂತೇಕ ಬಂದ್ಲು.

ಚುಳುಕ್.

ನೀರಾಗ ಹಳ್ಳ, ಸಣ್ಣ ಕಲ್ಲ, ಬಿದ್ದ ಸಪ್ಪಳ. ನಿಂತ್ಲು.

ಚುಳುಕ್.

ಆಮ್ಯಾಲೆ ಇನ್ನೊಂದ ಸಪ್ಪಳ. ಕರಕ್... ಸುರ್ರ್... ಥೂ. ಕಬ್ಬಿನ ಗಣಿಕಿ ಹಲ್ಲಿಲೆ ಮುರದು, ರಸಾ ಹೀರಿ, ಸಿಪ್ಪಿ ಉಗಳಿದ್ದು.

"ಯಾರದು?"

ಕಬ್ಬಿನ ಗರಿ ಗಪ್ಪ ಆದ್ವು.

"ರುತಾ..."

ಅಕಿನ್ನ ರುತಾ ಅಂತ ಕರಿಯಾಕಿ ಒಬ್ಬಾಕಿನ ಇದ್ಲು. ಅಕಿ ಸತ್ತ ಹತ್ತ ವರ್ಷ ಆಗಿತ್ತು.

"...ನೀ ಒಬ್ಬಾಕಿನ ದೊಡ್ಡಾಕಿ ಆದಿ, ಹೌದಿಲ್ಲೋ?"

ಅಕಿ ಅಂದ್ರ ರುಪಾಲಿ. ರೂಪಾ. ದತ್ತವಾಡದಾಗ ನಮ್ಮ ಕಾಕಾನ ಮನಿ ಬಾಜೂಕ ಇದ್ದ ಜೈನರ ಹುಡುಗಿ. ಇಬ್ಬರದೂ ಒಂದ ಜೀವ. ಒಂದ ಬೇಂಚಿನ್ಯಾಗ ಕುಂಡ್ರತಿದ್ರು, ಒಂದ ಡಬ್ಬಿ ಉಣ್ತಿದ್ರು, ಸಾಲಿ ಬಿಟ್ಟ ಮ್ಯಾಲೆ ಈ ಭಾಂವಿ ಕಟ್ಟಿ ಮ್ಯಾಲೆ ಕುಂತು ಕಬ್ಬು ತಿನ್ಕೋತ ನೀರಾಗ ಹಳ್ಳ ಒಗೀತಿದ್ರು. ಎಂಟನೇ ಕ್ಲಾಸಿನ್ಯಾಗ ಇದ್ದಾಗ ರೂಪಾಗ ಡೆಂಗ್ಯೂ ಆತು. ಮೀರಜ ದವಾಖಾನಿಗೆ ಒಯ್ದ್ರು. ಉಳೀಲಿಲ್ಲ. ಮೈನೂ ನೆರದಿರಲಿಲ್ಲ ಹುಡುಗಿ. ಅಕಿ ಅವ್ವ ಶಾಲನ ಮಾವಶಿ ಆ ಮನ್ಯಾಗ ಇರಲಾರದ ಮನಿ ಮಾರಿ ಗಡಹಿಂಗ್ಲಜಕ್ಕ ಹ್ವಾದ್ಲು. ಮುಂದ ಆಕಿ ಗಂಡನೂ ತೀರಿಕೊಂಡ. ರುತುಜಾ ಸಣ್ಣಾಕಿ, ಅತ್ತಳು, ಜ್ವರಾ ಬಂದು ಮಲಗಿದ್ಲು, ಎದ್ಲು... ದೊಡ್ಡಾಕಿ ಆದ್ಲು. ಎಲ್ಲಾರೂ ಹಂಗ ಆಗೋದಲ್ಲೇನ್ರಿ.

ನಾ ಇದ್ದಿದ್ರ ಚಪ್ಪಲ್ ಬಿಟ್ಟ ಓಡತಿದ್ದೆ. ರುತುಜಾ ಓಡಲಿಲ್ಲ. ಮೊಬೈಲ್ ಬ್ಯಾಟರಿ ಹಾಕಿ ಭಾಂವಿ ಕಟ್ಟಿ ಮ್ಯಾಲೆ ಬೆಳಕ ಬಿಟ್ಲು. ಯಾರೂ ಇಲ್ಲ. ಕಬ್ಬಿನ ಸಿಪ್ಪಿ ಬಿದ್ದಿತ್ತು. ಹಸೀದು, ಇನ್ನೂ ಉಗುಳು ಹೊಳಿಯಾಕತ್ತಿತ್ತು.

"ರೂಪಾ... ಏನ ಬೇಕು ನಿನಗ?"

"ನನ್ನೂ ಮಾಡು."

"ಏನ ಮಾಡ್ಲಿ?"

"ದೊಡ್ಡಾಕಿನ್ನ."

ಆ ರಾತ್ರಿನ ಇದ್ದಲಿ ತಗೊಂಡು ಕ್ಯಾನ್ವಾಸಿನ ಮುಂದ ನಿಂತ್ಲಂತ. "ಅಂಜಿಕಿ ಬರಲಿಲ್ಲೇನ?" ಅಂತ ಆಮ್ಯಾಲೆ ನಾ ಕೇಳಿದ್ನಿ. "ಬಂತಕ್ಕಾ," ಅಂದ್ಲು. "ಆದ್ರ ಅಕಿ ನನ್ನ ರೂಪಾ. ಇಷ್ಟ ವರ್ಷ ನಾ ಅಕಿನ್ನ ಒಂದ ಸಲಾನೂ ತಗದಿರಲಿಲ್ಲ."

ಮೊದಲನೇ ಚಿತ್ರದಾಗ ರೂಪಾ ಒಂಬತ್ತನೇ ಕ್ಲಾಸಿನ ಹುಡುಗಿ. ಲಂಗಾ ಬಿಟ್ಟು ಪಂಜಾಬಿ ಡ್ರೆಸ್ ಹಾಕ್ಯಾಳ, ಓಢಣಿ ಹೆಂಗ ಹೊತಗೋಬೇಕು ತಿಳೀವಲ್ದು, ನಾಚಿ ನಿಂತಾಳ. ನಾ ನೋಡೇನ್ರಿ ಅದನ್ನ. ಎದರಿಗೆ ಕುಂಡಿಸಿಕೊಂಡು ತಗದಂಗ ಇತ್ತು.

ಅದ ಮುಗದ ಮ್ಯಾಲೆ ರುತುಜಾ ನನಗ ಫೋನ್ ಮಾಡಿದ್ಲು.

"ಅಕ್ಕಾ, ಒಂಬತ್ತನೇ ಕ್ಲಾಸಿಗೆ ನಾ ಎಲ್ಲಿ ಹೋಗ್ತಿದ್ನಿ?"

"ಹುಚ್ಚಿ, ಕುರುಂದವಾಡಕ್ಕ. ನೀ ಸೈಕಲ್ ಮ್ಯಾಲೆ ಹೋಗಿ ಬಿದ್ದು ಕೈ ಮುರಕೊಂಡಿದ್ದಿ."

"ಹೌದಾ?" ಅಂದ್ಲು. ನಕ್ಕಳು. ನಾನೂ ನಕ್ಕಿನಿ.

ಎರಡನೇ ಚಿತ್ರದಾಗ ರೂಪಾ ಇನ್ನೂ ಬೆಳದಿದ್ಲು. ಹತ್ತನೇ ಪರೀಕ್ಷಾ ಮುಗಿಸಿ ತಲಿ ತುಂಬ ಅಬ್ಬಲಿಗಿ ಮುಡಕೊಂಡು ನಿಂತಾಳ. ಅದಾದ ಮ್ಯಾಲೆ ಕಾಕೂ ಒಂದಿನಾ ಮಾತಿಗೆ, "ನಿಮ್ಮಜ್ಜಿ ಸಾಯೂವಾಗ ನಿನ್ನ ಕೈಲೆನ ನೀರ ಕುಡದಾಳು," ಅಂದ್ಲಂತ. ರುತುಜಾ ಕೈಯಾಗಿನ ತುತ್ತು ಕೆಳಗ ಇಟ್ಟು, "ಅಜ್ಜಿ ಸತ್ತಾಳಾ?" ಅಂದು ಅಳಾಕ ಶುರು ಮಾಡಿದ್ಲು. ಆಗಷ್ಟ ಕೇಳಿದಂಗ. ಕಾಕೂ ಅಂಜಿ ನನಗ ಹೇಳಿ ಕಳಿಸಿದ್ಲು. "ಒಬ್ಬಾಕಿನ ಕುಂತು ಕುಂತು ತಲಿ ಕೆಟ್ಟೈತಿ, ನೀ ನಾಕ ದಿನಾ ಬಂದ ಇರವಾ."

ಹ್ವಾದ್ನಿ. ಅಷ್ಟರಾಗ ಮೂರನೇದೂ ಶುರು ಆಗಿತ್ತು.

ನಾ ಹ್ವಾದ ಸಂಜೀಕ ಲೈಟ ಹೋತು. ರುತುಜಾ ಕಂದೀಲ ಹಚಗೊಂಡು ಚಿತ್ರ ತಗಿಯೋ ಖೋಲಿ ಹೊಕ್ಕು ಬಾಗಲಾ ಮುಂದ ಮಾಡಿಕೊಂಡ್ಲು. ನಾ ಅಡಗಿ ಮನ್ಯಾಗ ಭಕ್ರಿ ಬಡಿಯಾಕತ್ತಿದ್ದೆ. ನಡುವ ಒಂದ ಗ್ವಾಡಿ. ಆ ಕಡಿಂದ ಕ್ಯಾನ್ವಾಸಿನ ಮ್ಯಾಲೆ ಇದ್ದಲಿ ಓಡೋ ಸಪ್ಪಳ ಬರಾಕತ್ತಿತ್ತು. ಸರಕ್... ಸರಕ್... ಅದರ ನಡುನಡುವ...

ಕರಕ್... ಸುರ್ರ್... ಥೂ.

ಭಕ್ರಿ ಬಡಿಯೋ ಕೈ ನಿಂತು ಹೋತು. ರುತುಜಾ ಕಬ್ಬು ತಿನ್ನಂಗಿಲ್ಲ. ಅಕಿ ದವಡಿ ಹಲ್ಲು ಎರಡು ಕಿತ್ತಿಸ್ಯಾರ.

ಇಬ್ಬರದ ಪಿಸುಮಾತು ಕೇಳಸ್ತು.

"ಕುತಗಿ ಸ್ವಲ್ಪ ಎತ್ತ ರೂಪಾ."

"ನೋಯ್ತೈತಿ."

"ಯಾಕ?"

"...ಬೆಳಿಯಾಕತ್ತೈತಿ."

ತವಾದಾಗ ಭಕ್ರಿ ಕರಕಾತು. ನಾ ಅಲ್ಲೆ ಗ್ವಾಡಿಗೆ ಬೆನ್ನ ಹಚ್ಚಿ ಕುಂತ್ನಿ. ಲೈಟ ಬರೂತನಕ ಏಳಲಿಲ್ಲ. ರುತುಜಾ ಹೊರಗ ಬಂದ ಮ್ಯಾಲೆ ಒಳಗ ಹೋಗಿ ನೋಡಿದ್ನಿ. ಖಾಲಿ ಸ್ಟೂಲಿನ ಸುತ್ತ ಕಬ್ಬಿನ ಸಿಪ್ಪಿ. ಕ್ಯಾನ್ವಾಸಿನ ಮ್ಯಾಲೆ ಒಬ್ಬಾಕಿ ತರುಣಿ... ಹೆಗಲಿಗೆ ಕಾಲೇಜ ಬ್ಯಾಗು, ಹಿಂದ ಕೊಲ್ಲಾಪುರದ ರಂಕಾಳ ಕೆರಿ ನೀರು. ಶಾಲನ ಮಾವಶೀದ ಮೂಗು, ಮಾವಶೀದ ಹಣಿ. ಎರಡೂ ಕೈಯ ಹೆಬ್ಬಟ್ಟ ಮಾತ್ರ ಒಂದ ಕಡೆ ಇದ್ದಂಗ ಕಂಡ್ವು, ಅವಸರದಾಗ ತಪ್ಪ್ಯಾಳ ಅನಕೊಂಡ್ನಿ. ಹತ್ತ ವರ್ಷದ ಹಿಂದ ಮಣ್ಣಾಗಿ ಹ್ವಾದ ಹುಡುಗಿ ನನ್ನ ನೋಡಾಕತ್ತಿದ್ಲು.

ಆ ಚಿತ್ರ ಮುಗದ ಮರುದಿನಾ ರುತುಜಾ ನನಗ ಅಂಗೈ ತೋರಿಸಿದ್ಲು. ಹೆಬ್ಬಟ್ಟಿನ ಬುಡಕ ಗಾಯದ ಗುರ್ತು.

"ಅಕ್ಕಾ, ಇದ ನನಗ ಯಾವಾಗ ಆತು?"

ಅದ ಸಂಜೀಕ ಕೇತನನ ಫೋನ್ ಬಂತು. ಕೇತನ ಅಂದ್ರ ಅಕಿ ಕ್ಲಾಸಿನ್ಯಾಂವ, ಇಬ್ಬರೂ ಮದವಿ ಆಗೂ ವಿಚಾರದಾಗಿದ್ರು. ಮರಾಠಿ ಹುಡುಗ. ಅಳಾಕತ್ತಿದ್ದ. "ತಾಈ, ತೀ ಮಲಾ ಓಳಖತ ನಾಹೀ," ಅಂದ. ನನ್ನ ಗುರ್ತ ಹಿಡಿಯವಲ್ಲಳು ಅಂತ, ಈ ವರ್ಷ ಮಾತಾಡಿದ್ದ ಅಷ್ಟ ನೆನಪೈತಿ, ಅದಕ್ಕ ಮೊದಲಿಂದೇನೂ ಇಲ್ಲ. ಗಾಯದ ಸುದ್ದಿ ಕೇಳಿದ್ನಿ. "ಕಾಲೇಜಿನ್ಯಾಗ ಚೌಕಟ್ಟ ಕೊರಿಯೂವಾಗ ಆಗಿದ್ದು. ನಾನ ದವಾಖಾನಿಗೆ ಒಯ್ದಿದ್ನಿ. ಅವತ್ತಿನಿಂದನ ನಮ್ಮ ಮಾತು ಶುರು ಆಗಿದ್ದು," ಅಂದ.

ಆವಾಗ ತಿಳೀತ್ರಿ ನನಗ. ರೂಪಾನ ಯಾವ ವಯಸ್ಸು ಚಿತ್ರದಾಗ ಬರ್ತೈತಿ, ರುತುಜಾಂದು ಆ ವಯಸ್ಸು ಹೊಂಟ ಹೋಗ್ತೈತಿ. ಬೆಳಿಯಾಕತ್ತಾಕಿ ಸುಮ್ಮ ಬೆಳಿಯಾಕತ್ತಿಲ್ಲ.

ರುತುಜಾಗ ಹೇಳಿದ್ನಿ. ಆದ್ರ ಏನ ಕಳೀತಂತ ಗೊತ್ತಿದ್ರಲ್ಲ ಹುಡಕಾಕ? "ಅಕ್ಕಾ, ನಾ ಬ್ಯಾಡಂದ್ರ ಅಕಿ ದಿನಾ ಸಂಜೀಕ ಬಂದು ಕಿಡಿಕಿ ಹಂತೇಕ ನಿಂದ್ರತಾಳ. ‘ಅರ್ಧಕ್ಕ ಬಿಟ್ಟಿ’ ಅಂತಾಳ. ‘ನೀನೂ ಅರ್ಧಕ್ಕ ಬಿಟ್ಟಿ’ ಅಂತಾಳ."

ನನಗ ಹೊಳದದ್ದು ಒಂದ ದಾರಿ. ಹೆತ್ತಾಕಿ ಕರದ್ರ ಮಗಳು ಹೋಗಬಹುದು. ರುತುಜಾನ್ನ ಕಾಕೂ ಹಂತೇಕ ಬಿಟ್ಟು, ಚಿತ್ರಗೋಳ ಫೋಟೋ ಮೊಬೈಲಿನ್ಯಾಗ ಹೊಡಕೊಂಡು, ನಿಪ್ಪಾಣಿ ಮ್ಯಾಲೆ ಹಾಯ್ದು ಗಡಹಿಂಗ್ಲಜಕ್ಕ ಹ್ವಾದ್ನಿ.

ಶಾಲನ ಮಾವಶಿ ಒಬ್ಬಾಕಿನ ಇದ್ಲು. ಕೂದಲಾ ಪೂರಾ ಹಣ್ಣಾಗಿದ್ವು. ಎಲ್ಲಾ ಹೇಳಿದ್ನಿ. ನಗತಾಳೇನೋ, ಸಿಟ್ಟಿಗೇಳತಾಳೇನೋ ಅನಕೊಂಡಿದ್ದೆ. ಎರಡೂ ಮಾಡಲಿಲ್ಲ. ಮೊಬೈಲ್ ಇಸಕೊಂಡು ಒಂದೊಂದ ಫೋಟೋ ಬೆರಳಿಲೆ ಸವರಿಕೋತ ನೋಡಿದ್ಲು. ರಂಕಾಳದ್ದು ಬಂದಾಗ ನಿಂತ್ಲು.

"ಎಷ್ಟ ಎತ್ತರ ಬೆಳದಾಳ ನೋಡವಾ..."

"ಮಾವಶಿ, ಅಕಿ ಬೆಳಿಯಾಕತ್ತಿದ್ದು ನಮ್ಮ ರುತುಜಾನ ವರ್ಷಾ ತಿಂದು. ನೀವು ಬಂದು ಕರೀರಿ. ಸಾಕ ಬಾ ಅನ್ರಿ."

ಗ್ವಾಡಿ ಮ್ಯಾಲೆ ಹಲ್ಲಿ ಲೊಚಕ್ ಅಂತು. ಮಾವಶಿ ಮೊಬೈಲ್ ಬಿಡಲಿಲ್ಲ.

"ಬರ್ತೇನಿ. ಕರಕೊಂಡ ಬರ್ತೇನಿ. ಆದ್ರ ಇನ್ನೊಂದ... ಇನ್ನೊಂದ ತಗೀಲಿ ರುತುಜಾ. ಮದವಿ ಸೀರ್ಯಾಗ."

"ಮಾವಶಿ!"

"ಒಂದ. ಹೆಣ್ಣ ಹಡದಾಕಿಗೆ ಅಷ್ಟ ನೋಡೋ ಆಶಾ ಇರಂಗಿಲ್ಲೇನ? ಅದನ್ನ ನೋಡಿ ನಾನ ಅಕಿನ್ನ ನನ್ನ ಮನಿಗೆ ಕರಕೊಂಡ ಬರ್ತೇನಿ. ನಿಮಗ ಮತ್ತ ತ್ರಾಸ ಇಲ್ಲ."

ನಾ ಬ್ಯಾಡ ಅನಬೇಕಿತ್ತು. ಅಂದೂ ಅಂದ್ನಿ. ಆದ್ರ ಮಾವಶಿ ಕೇಳಲಿಲ್ಲ. ಟ್ರಂಕಿನ್ಯಾಗಿಂದ ತನ್ನ ಮದವಿ ಸೀರಿ ತಗದು ಪಿಶಿವ್ಯಾಗ ಹಾಕ್ಕೊಂಡು ನನ್ನ ಕೂಡನ ಬಸ್ ಹತ್ತಿದ್ಲು. ದಾರಿ ತುಂಬ ಪಿಶಿವಿ ಮ್ಯಾಲೆ ಕೈ ಇಟ್ಟು, ಕೂಸಿನ್ನ ತಟ್ಟಿದಂಗ ತಟ್ಟಾಕತ್ತಿದ್ಲು.

ದತ್ತವಾಡಕ್ಕ ಬರೂದ್ರಾಗ ಹೊತ್ತ ಮುಳಗಾಕತ್ತಿತ್ತು. ರುತುಜಾ ಹೊಲದ ಮನ್ಯಾಗ ಬಂದ ಕುಂತಿದ್ಲು. ಕಾಕೂನ ಕೈ ಬಿಡಿಸಿಕೊಂಡ ಬಂದಾಳ. ಮಾವಶಿ ಅಕಿ ಎರಡೂ ಕೈ ಹಿಡದು, "ನನ್ನ ಮಗಳ ಮದವಿ ಮಾಡವಾ," ಅಂದ್ಲು.

ಆ ಒಂದ ವರ್ಷ ಅಷ್ಟ ಉಳದಿತ್ರಿ ರುತುಜಾ ಹಂತೇಕ. ಕಾಲೇಜ ಮುಗಿಸಿದ ಮ್ಯಾಲಿನ ಒಂದ ವರ್ಷ. ಅದೂ ಹ್ವಾದ ಮ್ಯಾಲೆ ಆ ಮೈಯಾಗ ಯಾರ ಇರತಿದ್ರು? ನಾ ಅಡ್ಡ ನಿಂತ್ನಿ. "ಇಲ್ಲ ಮಾವಶಿ. ಆಗಂಗಿಲ್ಲ."

ರುತುಜಾನ ನನ್ನ ಸರಿಸಿದ್ಲು. "ಇರಲಿ ಅಕ್ಕಾ. ಕಂದೀಲ ಹಚ್ಚು."

ಮಾವಶಿ ಸ್ಟೂಲಿನ ಮ್ಯಾಲೆ ಸೀರಿ ಇಟ್ಟು ಹಿಂದ ಸರದ್ಲು. ನಾವು ಇಬ್ಬರೂ ಗ್ವಾಡಿಗೆ ಹತ್ತಿ ನಿಂತ್ವಿ. ಹೊರಗ ಕಬ್ಬಿನ ಗರಿ ಗಪ್ಪ ಆದ್ವು. ಭಾಂವಿ ಕಡಿಂದ... ಚುಳುಕ್.

ಆಮ್ಯಾಲೆ ಸೀರಿ ಬಿಚ್ಚಿದ ಸಪ್ಪಳ. ಹಳೀ ರೇಶ್ಮಿ, ಮಡಿಕಿ ಮುರಿಯೂವಾಗ ಚರ್ರ್ ಅಂತೈತಲ್ಲ... ಅದು. ನೋಡ್ತೇವಿ, ಸೀರಿ ಸ್ಟೂಲಿನ ಮ್ಯಾಲೆ ಇಲ್ಲ. ಎಲ್ಲೂ ಇಲ್ಲ. ಮಾವಶಿ ಬಾಯಿಗೆ ಸೆರಗ ಒತಗೊಂಡ್ಲು.

"ಛಂದ ತಗಿ ರುತಾ," ಅಂತು ದನಿ. ಸಣ್ಣ ಹುಡುಗೀದಲ್ಲ. ತುಂಬಿದ ಹೆಣ್ಣಿನ ದನಿ. ಇದನ್ನ ಕಿವಿಯಾರೆ ಕೇಳೇನಿ ನಾನು.

ರುತುಜಾ ಕುಂಚ ತಗೊಂಡ್ಲು. ಕ್ಯಾನ್ವಾಸಿಗೆ ಹಚ್ಚಿದ್ಲು. ತಗದ್ಲು. ಮತ್ತ ಹಚ್ಚಿದ್ಲು. ಅಕಿ ಕೈ ನೋಡಿದ್ನಿ... ಕುಂಚ ಹಿಡದದ್ದು ಹೆಂಗಂದ್ರ, ಸಾಲಿ ಹುಡುಗ್ಯಾರು ಪೆನ್ಸಿಲ್ ಹಿಡೀತಾರಲ್ಲ, ಮುಷ್ಟಿ ಬಿಗದು, ನಾಲಗಿ ತುದಿ ಹೊರಗ ಹಾಕಿ. ಹಂಗ.

ಕಾಲೇಜ ಹೋಗಿತ್ತಲ್ರಿ. ಕಾಲೇಜಿನ ಕೂಡ ಅಕಿ ಕೈನೂ ಹೋಗಿತ್ತು. ಮೈಯೆಲುಬು, ಬೆಳಕು, ನೆರಳು, ಕಲತದ್ದೆಲ್ಲಾ ಹೋಗಿತ್ತು. ಆ ರಂಕಾಳದ ಚಿತ್ರ ಮುಗದ ಮ್ಯಾಲೆ ಅಕಿ ಕುಂಚ ಹಿಡದಿರಲಿಲ್ಲ, ಹಿಂಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ರುತುಜಾಗೂ ಆಗಲೇ ತಿಳದದ್ದು. ತನ್ನ ಕೈ ತಾನ ನೋಡಿಕೊಂಡ್ಲು. ಆ ಮಾರಿ ನನಗ ಇನ್ನೂ ಕಣ್ಣಾಗ ಕಟ್ಟೈತಿ... ತನ್ನ ಕೂಸು ಸತ್ತದ್ದು ಕೇಳಿದಾಕಿ ಮಾರಿ.

ಆದ್ರ ನಿಲ್ಲಿಸಲಿಲ್ಲ. ಅಳಕೋತನ ತಗದ್ಲು. ದುಂಡಂದು ತಲಿ, ಎರಡು ಜಡಿ, ಕಡ್ಡಿಯಂಥಾ ಕೈಕಾಲು. ಬಾಜೂಕ ಇನ್ನೊಂದ ಹುಡುಗಿ. ಕೆಳಗ ಭಾಂವಿ ಕಟ್ಟಿ. ಇಬ್ಬರ ಕೈಯಾಗೂ ಕಬ್ಬಿನ ಗಣಿಕಿ.

"ಇದ ಏನು?" ಅಂತು ದನಿ. ಹಂತೇಕ ಬಂದಿತ್ತು. ಕಂದೀಲ ಪಟ್-ಪಟ್ ಅಂತು. "ಸೀರಿ ಎಲ್ಲಿ? ಇದ ನಾ ಅಲ್ಲ."

"ಇದ ನೀನ."

"ಅಲ್ಲ."

"ರೂಪಾ, ದೊಡ್ಡಾಕಿ ರೂಪಾನ ನಾ ಒಂದ ದಿನಾನೂ ನೋಡಿಲ್ಲ. ನಾ ತಗದದ್ದೆಲ್ಲಾ ನನ್ನ ವರ್ಷಾನ, ನಿಂದಲ್ಲ. ನನಗ ಗೊತ್ತಿದ್ದಾಕಿ ಇವಳೊಬ್ಬಾಕಿನ." ಅಂದು, ಆ ಕಡ್ಡೀ ಕೈಮ್ಯಾಲೆ ತನ್ನ ಕೈ ಇಟ್ಲು. ಬಣ್ಣಾ ಹಸಿ ಇತ್ತು, ಅಂಗೈಗೆ ಹತ್ತಿತು.

ಆ ಕೈ ಅಲ್ಲೇ ಇಟಗೊಂಡ ನಿಂತ್ಲು. ಎಷ್ಟೊತ್ತೋ...

ಆಮ್ಯಾಲೆ ಭಾಂವ್ಯಾಗ ಒಂದ ಸಪ್ಪಳ ಆತು. ಹಳ್ಳದ್ದಲ್ಲ. ಧುಬುಕ್ಕಂತ, ದೊಡ್ಡದು. ಅದರ ಹಿಂದ ಏನೂ ಇಲ್ಲ.

ಮಾವಶಿ ನಿಂತಲ್ಲೆ ನಿಂತಿದ್ಲು. ಅಳತಾಳಂತ ಹಿಡಕೊಳ್ಳಾಕ ಹ್ವಾದ್ನಿ. ಅತ್ತಿರಲಿಲ್ಲ. ನನ್ನ ದಾಟಿ ಹೋಗಿ, ಗ್ವಾಡಿಗೆ ಆನಿಸಿಟ್ಟ ರಂಕಾಳದ ಚಿತ್ರ ತಗದು ಬಗಲಾಗ ಇಟಗೊಂಡ್ಲು.

"ಇದನ್ನ ಒಯ್ತೇನಿ," ಅಂದ್ಲು. ಕೇಳಿದ್ದಲ್ಲ, ಹೇಳಿದ್ದು. ಬಾಗಲದಾಗ ನಿಂತು ಹಿಂದ ತಿರಗಿ, "ನಡಿ," ಅಂದ್ಲು. ನಮಗಲ್ಲ.

ಮುಂಜಾನಿ ಭಾಂವ್ಯಾಗ ಇಣಿಕಿ ನೋಡಿದ್ವಿ. ಸೀರಿ ಇರಲಿಲ್ಲ. ನೀರು ತಿಳೀ ಇತ್ತು.

ರುತುಜಾನ ವರ್ಷಾ ತಿರಗಿ ಬರಲಿಲ್ಲ. ನಾವ ಹೇಳಿ ಹೇಳಿ ಅಕಿಗೆ ಅಕೀ ಸುದ್ದಿ ತಿಳಿಸೇವಿ. ಅಜ್ಜಿ ಸತ್ತದ್ದು, ಸೈಕಲ್ ಮ್ಯಾಲಿಂದ ಬಿದ್ದದ್ದು, ಎಲ್ಲಾ. ಕೇತನ ದಿನಾ ಬಂದು ಎದರಿಗೆ ಕುಂತು, ಕೈ ಹೆಂಗ ತಗಿಬೇಕು, ಮೂಗ ಹೆಂಗ ತಗಿಬೇಕು ಅಂತ ಮೊದಲಿಂದ ಕಲಿಸಿದ. ಪ್ರೀತಿ ಮಾತ ಎತ್ತಲಿಲ್ಲ ಹುಡುಗ. ಒಂದಿನಾ ಅಕಿನ ಅವನ ಮಾರಿ ತಗದು, "ನಿನ್ನ ತಗಿಯೂವಾಗ ಕೈ ನಡಗ್ತೈತಿ, ಯಾಕ?" ಅಂದ್ಲಂತ. ಪ್ರದರ್ಶನ ತಡಾ ಆತು, ಆದ್ರ ಆತು. ಕೊಲ್ಲಾಪುರದಾಗ ನಾನೂ ಹೋಗಿದ್ನಿ. ನಡೂ ಗ್ವಾಡಿಗೆ ಆ ಸಣ್ಣ ಹುಡುಗ್ಯಾರ ಚಿತ್ರ ಹಾಕಿದ್ಲು. ಮಂದಿ ಅದರ ಮುಂದನ ಭಾಳ ಹೊತ್ತ ನಿಂದ್ರತಿದ್ರು. ಇಷ್ಟ ಕಲತಾಕಿ ಇಂಥಾ ಎಳೇ ಚಿತ್ರ ಹೆಂಗ ತಗದ್ಲು ಅಂತ ಕೇಳತಿದ್ರು. ರುತುಜಾ ಸುಮ್ಮ ನಗತಿದ್ಲು.

ಇಲ್ಲಿಗೆ ಮುಗೀತಂತ ನಾನೂ ತಿಳಕೊಂಡಿದ್ದೆ.

ಮೊನ್ನೆ ಶ್ರಾವಣದಾಗ ನಮ್ಮ ನಾದನಿ ಮನಿಗೆ ಗಡಹಿಂಗ್ಲಜಕ್ಕ ಹೋಗಿದ್ದೆ. ಬಳಿಗಾರ ರಾಯಪ್ಪ ಬಂದಿದ್ದ. ನನ್ನ ಕೈಗೆ ಬಳಿ ಏರಿಸಿಕೋತ ಹಿಂಗ ಊರ ಸುದ್ದಿ ಹೇಳಾಕತ್ತಿದ್ದ. ಈಗ ಶಾಲನಬಾಯಾರ ಮನೀಗೆ ಹೋಗಿ ಬಂದ್ನಿ, ಅವರ ಮಗಳಿಗೆ ಹಸರ ಬಳಿ ಇಡಿಸಿದ್ರು, ಲಗ್ನ ಐತೇನೋ ಅಂದ.

"ಮಾರಿ ನೋಡೀಯೇನಪಾ?"

"ಇಲ್ರಿ. ಪಡದೀ ಹಿಂದ ಕುಂತಿದ್ಲು, ಕೈ ಅಷ್ಟ ಹೊರಗ ಮಾಡಿದ್ಲು. ಭಾಳ ಮೆತ್ತಗಿನ ಕೈ. ಒಂದ ಬಳಿ ಒಡೀಲಿಲ್ಲ."

ಮತ್ತ ತನ್ನ ಪೆಟಗಿ ಕಟ್ಟಿಕೋತ, ಏನೂ ವಿಶೇಷ ಇಲ್ಲದಂಗ ಒಂದ ಮಾತ ಅಂದ. ನೀವು ನಂಬ್ರಿ, ಬಿಡ್ರಿ. ರಾಯಪ್ಪ ಅದಾನ, ಗಡಹಿಂಗ್ಲಜ ಬಾಜಾರದಾಗ ಕೇಳಿದ್ರ ಯಾರರ ಮನಿ ತೋರಸ್ತಾರು. ಖರೇ ಹೇಳಾಕತ್ತೇನಿ, ಅಂವ ಅಂದದ್ದು ಇಷ್ಟ...

"ದೇವರು ಒಬ್ಬೊಬ್ಬರಿಗೆ ಒಂದೊಂದ ನಮೂನಿ ಕೊಟ್ಟಿರ್ತಾನ್ರಿ ಅಕ್ಕಾ. ಆ ಹುಡುಗೀದು ಎರಡೂ ಎಡಗೈನ."